ಯಾರ ಪಾಲಿನ ಹಿಡಿ

ನಮ್ಮ ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಾದರೆ ಎಲ್ಲರೂ ಮೊದಲು ನನ್ನ ಕಡೆಗೇ ನೋಡುತ್ತಾರೆ. ಭಾನುವಾರ ಪ್ರಸಂಗಕ್ಕೆ ಮುಂಚೆ ಪಾಸ್ಟರು, ಈ ವಾರ ದೇವರು ಮಾಡಿದ ಉಪಕಾರ ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳುವುದು ನಮ್ಮಲ್ಲಿ ರೂಢಿ. ಜ್ವರ ಬಿಟ್ಟವರು, ಬಸ್ಸು ಮಗುಚಿದರೂ ಉಳಿದವರು, ಮಗಳಿಗೆ ವರ ಕೂಡಿಬಂದವರು ಎದ್ದು ನಿಂತು, ಸೆರಗಿನ ತುದಿ ತಿರುವುತ್ತ ಎರಡು ಮಾತು ತಡವರಿಸಿ ಕೂತುಬಿಡುತ್ತಾರೆ. ನಾನು ತಡವರಿಸುವವಳಲ್ಲ. ಭಾಲ್ಕಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಗಂಟಲು ನನ್ನದು. ಮೈಕು ಕೆಟ್ಟರೂ ಹಿಂದಿನ ಬೆಂಚಿಗೆ ಕೇಳಿಸುತ್ತದೆ. ನಾನು ಎದ್ದರೆ ಮುದುಕರು ತೂಕಡಿಕೆ ಬಿಟ್ಟು ನೆಟ್ಟಗೆ ಕೂರುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕೆಡುಕಾಯಿತು.

ಗೋವಾಕ್ಕೆ ಹೋಗಿಬಂದ ಮೇಲೆ ಅಲ್ಲಿನ ಸಾಕ್ಷಿಯನ್ನು ನಾನು ಎರಡು ಊರಿನಲ್ಲಿ ಹೇಳಿದೆ. ಎರಡು ಸಲವೂ ಜನ ಮೆಚ್ಚಿ ತಲೆದೂಗಿದರು. ಎರಡು ಸಲವೂ ನಾನು ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧದಲ್ಲಿ ನನ್ನ ತಮ್ಮನ ಮಗಳ ಅನ್ನವಿತ್ತು.

ಮೊದಲು ಹಿಡಿಯ ವಿಷಯ ಹೇಳಬೇಕು. ನಮ್ಮಂಥ ಹಳೆಯ ಕ್ರೈಸ್ತ ಮನೆಗಳಲ್ಲಿ ಹೆಂಗಸರು ರೊಟ್ಟಿಗೆ ಹಿಟ್ಟು ಕಲಸುವ ಮುಂಚೆ, ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ, ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ವಾರವಿಡೀ ಕೂಡಿದ್ದನ್ನು ಬಟ್ಟೆಯ ಚೀಲಕ್ಕೆ ತುಂಬಿ ಭಾನುವಾರ ಚರ್ಚಿಗೆ ಒಯ್ದು ಅಲ್ಲಿಯ ದೊಡ್ಡ ಬುಟ್ಟಿಗಳಿಗೆ ಸುರಿಯುತ್ತಾರೆ. ಅದು ಆ ವಾರ ಒಲೆ ಹೊತ್ತದ ಮನೆಗೆ ಹೋಗುತ್ತದೆ. ಯಾರ ಮನೆಗೆ ಎಂದು ಯಾರೂ ಕೇಳುವುದಿಲ್ಲ. ನನ್ನ ಅವ್ವ ಠಾಣಾ ಕುಶನೂರಿನ ಮನೆಯಲ್ಲಿ, ಹಿಟ್ಟಿನ ಡಬ್ಬಿ ತಳ ಕಂಡ ದಿನವೂ ಹಿಡಿ ತೆಗೆಯುತ್ತಿದ್ದಳು. ಆ ದಿನ ಅವಳ ಪಾಲಿಗೆ ಒಂದು ರೊಟ್ಟಿ ಕಡಿಮೆ. ನಾನು ಮದುವೆಯಾಗಲಿಲ್ಲ. ಬೀದರಿನ ಮೈಲೂರಿನಲ್ಲಿ ಒಬ್ಬಳೇ ಅಡುಗೆ ಮಾಡಿಕೊಂಡು ಇರುವವಳು. ಒಬ್ಬಳ ಅಡುಗೆಯಲ್ಲೂ ಹಿಡಿ ತೆಗೆದರೆ ಉಳಿಯುವುದೇನು ಎಂದು ನಕ್ಕವರಿದ್ದಾರೆ. ನಗಲಿ ಬಿಡಿ. ಹಿಡಿ ತೆಗೆಯದೆ ಒಲೆ ಹಚ್ಚುವುದು ನನ್ನ ಕೈಗೆ ಬರುವುದಿಲ್ಲ.

ತಮ್ಮನ ಮಗಳು ಹೈಸ್ಕೂಲಿಗೆಂದು ಕುಶನೂರಿನಿಂದ ನನ್ನ ಮನೆಗೆ ಬಂದವಳು. ತೊಗರಿ ಹೊಲದ ಹುಡುಗಿ, ಮಾತು ಕಡಿಮೆ, ಕೈ ಚುರುಕು. ಐದು ವರ್ಷ ನನ್ನ ಜೊತೆಗಿದ್ದಳು. ಅವಳಿಗೆ ಇಂಗ್ಲಿಷ್ ಕಲಿಸಿದವಳು ನಾನು, ತಲೆಯೆತ್ತಿ ಮಾತಾಡು ಎಂದು ಬೆನ್ನಿಗೆ ಗುದ್ದಿದವಳೂ ನಾನು. ನರ್ಸಿಂಗ್ ಸೇರು, ಟೀಚರಾಗು ಎಂದು ಎಲ್ಲರೂ ಹೇಳುತ್ತಿದ್ದರೆ ಅವಳು ಹೋಟೆಲು ಕೆಲಸದ ಕೋರ್ಸು ಆರಿಸಿಕೊಂಡಳು. ನಮ್ಮ ಮನೆತನದಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. "ನಾಕ್ ಮಂದಿಗಿ ಉಣಿಸೋದು ನನಗ ಛಲೋ ಅನಸ್ತದರಿ ಅತ್ತಿ," ಎಂದಳು. ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಪಾತ್ರೆ ಒರೆಸುವುದರಿಂದ ಶುರುಮಾಡಿದವಳು ಕೊನೆಗೆ ಗೋವಾದ ದೊಡ್ಡ ಹೋಟೆಲೊಂದರಲ್ಲಿ ಊಟದ ವಿಭಾಗಕ್ಕೇ ಮುಖ್ಯಸ್ಥೆಯಾದಳು. ಅಲ್ಲಿ ಕೆಲಸದವರ ಮನೆಯವರಿಗೆ ವರ್ಷಕ್ಕೊಮ್ಮೆ ನಾಲ್ಕು ದಿನ ಬಂದು ಉಳಿಯುವ ಸವಲತ್ತು ಇತ್ತು. ಅವಳ ಅಪ್ಪ ಅವ್ವ ತೊಗರಿ ರಾಶಿಯ ಹೊತ್ತಿನಲ್ಲಿ ಹೊಲ ಬಿಟ್ಟು ಬರಲೊಲ್ಲರು. ಅವಳು ಅದನ್ನು ನನಗೆ ಕೊಟ್ಟಳು.

ಹೊರಡುವ ದಿನ ಪಕ್ಕದ ಮನೆಯಾಕೆ, ಬಟ್ಟೆ ಹೊಲಿಯುತ್ತ ಓಣಿಯ ಸುದ್ದಿಯನ್ನೆಲ್ಲ ಕೂಡಿಸಿಟ್ಟುಕೊಳ್ಳುವ ಮುಸ್ಲಿಂ ಹೆಂಗಸು, ಗೋಡೆಯಾಚೆಯಿಂದ ದಖನಿ ಉರ್ದುವಿನಲ್ಲಿ ಛೇಡಿಸಿದಳು. "ಟೀಚರಮ್ಮಾ, ತುಮ್ಹಾರಾ ಹಜ್ ನಿಕ್ಲಾ ಕ್ಯಾ?" ನಿಮ್ಮ ಹಜ್ ಯಾತ್ರೆ ಹೊರಟಿತೇ ಅಂತ. ಅವಳದು ತಪ್ಪಲ್ಲ. ಗೋವಾ ಎಂದರೆ ಹೆಜ್ಜೆಗೊಂದು ಚರ್ಚು, ನಮ್ಮವರ ಊರು ಎಂದೇ ನಾನೂ ತಿಳಿದಿದ್ದೆ. ಬಿಳಿ ಸೀರೆ ಎರಡು ಇಟ್ಟುಕೊಂಡೆ, ಹಾಡಿನ ಪುಸ್ತಕ ಇಟ್ಟುಕೊಂಡೆ. ಚೀಲದ ತಳದಲ್ಲಿ ಯಾವ ಯೋಚನೆಯೂ ಇಲ್ಲದೆ ಹಿಡಿಯ ಬಟ್ಟೆಚೀಲವನ್ನೂ ಮಡಚಿ ಇಟ್ಟೆ.

ಬಸ್ಸು ಬದಲಿಸಿ ಬದಲಿಸಿ ಮರುದಿನ ಮಧ್ಯಾಹ್ನ ಇಳಿದರೆ, ಅದು ನಾನು ತಿಳಿದಿದ್ದ ಊರಲ್ಲ. ಚರ್ಚುಗಳೇನೋ ಇದ್ದವು, ಸುಣ್ಣ ಬಳಿದು ಚೆಂದಾಗಿಯೇ ಇದ್ದವು. ಆದರೆ ಹೋಟೆಲಿನ ಎದುರು ನದಿಯಲ್ಲಿ ಜೂಜಿನ ಹಡಗುಗಳು ಬೀದರಿನ ಬಸ್ ಸ್ಟ್ಯಾಂಡಿನಷ್ಟು ಅಗಲಕ್ಕೆ ನಿಂತು ಹಾಡುಹಗಲೇ ದೀಪ ಉರಿಸುತ್ತಿದ್ದವು. ಕೊರಳಲ್ಲಿ ಚಿನ್ನದ ಶಿಲುಬೆ ಹಾಕಿದ ಗಂಡಸರು, ಬೇರೆ ಬೇರೆ ಊರುಗಳಿಂದ ಬಂದವರು, ನಡುಮಧ್ಯಾಹ್ನವೇ ಗ್ಲಾಸು ಹಿಡಿದಿದ್ದರು. ನಾನು ಅವರನ್ನು ನೋಡಿ ಮುಖ ಸಿಂಡರಿಸಿದೆ. ಅವರು ನನ್ನನ್ನು ನೋಡಲೇ ಇಲ್ಲ, ಅದೂ ನನಗೆ ಸಿಟ್ಟು ತರಿಸಿತು.

ನನಗೆ ಕೊಟ್ಟ ಕೋಣೆಯಲ್ಲಿ ಆರು ದಿಂಬು ಇದ್ದವು. ಒಬ್ಬಳಿಗೆ ಆರು! ಎರಡನ್ನು ತಲೆಗಿಟ್ಟುಕೊಂಡು ಉಳಿದ ನಾಲ್ಕನ್ನು ಸೋಫಾದ ಮೇಲೆ ನೆಂಟರ ಹಾಗೆ ಕೂರಿಸಿದೆ. ಬೆಳಗಿನ ಉಪಾಹಾರಕ್ಕೆ ಹೋದರೆ ಬರೀ ಬ್ರೆಡ್ಡಿಗೇ ಒಂದು ಮೇಜು. ಇನ್ನೊಂದರ ಮೇಲೆ ಚಾಕಲೇಟಿನ ಕಾರಂಜಿ, ಸುಮ್ಮನೆ ಹರಿಯುತ್ತಲೇ ಇತ್ತು. ಕಲ್ಲಂಗಡಿಯಲ್ಲಿ ಹಂಸ ಕೆತ್ತಿದ್ದರು. ಅದನ್ನು ಯಾರೂ ತಿನ್ನಲಿಲ್ಲ, ಮಧ್ಯಾಹ್ನಕ್ಕೆ ಬಾಡಿತು, ಎತ್ತಿ ಎಸೆದು ಹೊಸ ಹಂಸ ತಂದಿಟ್ಟರು. ಬೆಟ್ಟದಷ್ಟು ಬಡಿಸಿಕೊಂಡ ಒಬ್ಬಾಕೆ ಎರಡು ತುತ್ತು ತಿಂದು, ತಟ್ಟೆಯ ಫೋಟೋ ತೆಗೆದುಕೊಂಡು ಎದ್ದುಹೋದಳು. ಆ ತಟ್ಟೆಯನ್ನು ನೀಲಿ ಡ್ರಮ್ಮಿಗೆ ಬಳಿದುಹಾಕುವ ಸದ್ದು ನನ್ನ ಎದೆಗೆ ನಾಟಿತು. ನನ್ನ ಶಾಲೆಯಲ್ಲಿ ಬಿಸಿಯೂಟದ ತಟ್ಟೆಯನ್ನು ಬೆರಳಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದ ಮಕ್ಕಳು ಸಾಲಾಗಿ ಕಣ್ಣ ಮುಂದೆ ಬಂದರು.

ಇಷ್ಟನ್ನು ನಾನು ಎರಡೂ ಊರಿನಲ್ಲಿ ಹೇಳಿದೆ, ಇದಕ್ಕಿಂತ ಚೆನ್ನಾಗಿಯೇ ಹೇಳಿದೆ. ಹೇಳದೆ ಬಿಟ್ಟದ್ದು ಏನೆಂದರೆ, ನನಗೆ ಆ ಜಾಗ ಬಹಳ ಹಿಡಿಸಿತು. ದಿನಕ್ಕೆರಡು ಸಲ ಬಿಸಿನೀರಿನ ತೊಟ್ಟಿಯಲ್ಲಿ ಬೆರಳು ಸುಕ್ಕುಗಟ್ಟುವತನಕ ಬಿದ್ದಿರುತ್ತಿದ್ದೆ. ಬೆಣ್ಣೆಯ ಬಿಸ್ಕತ್ತು ತಿಂದು ಮತ್ತೆ ಎದ್ದುಹೋಗಿ ಮತ್ತೆರಡು ತಂದೆ. ಹುಡುಗರು ಕುರ್ಚಿ ಎಳೆದುಕೊಟ್ಟು "ಮ್ಯಾಡಮ್" ಎಂದಾಗ ಮೈ ಜುಮ್ಮೆಂದಿತು. ನಾಚಿಕೆಯೂ ಆಯಿತು. ಆ ನಾಚಿಕೆ ತೀರಿಸಿಕೊಳ್ಳಲು ನನಗೆ ಏನಾದರೂ ಬೇಕಿತ್ತು.

ಎರಡನೆಯ ದಿನ ಹುಡುಗಿಗೆ ಪುರಸೊತ್ತು ಸಿಕ್ಕಾಗ ಕೇಳಿದೆ, "ಇಷ್ಟೆಲ್ಲಾ ಉಳೀತದಲ್ಲ, ಎಲ್ಲಿಗಿ ಹೋಗ್ತದ?"

"ತಟ್ಟ್ಯಾಗ ಬಿಟ್ಟಿದ್ದು ಹಂದಿ ಸಾಕೋರು ಒಯ್ತಾರ್ರಿ. ಮುಟ್ಟದೇ ಉಳಿದಿದ್ದು ದಿನಾ ಸಂಜಿಗಿ ಒಂದು ಗಾಡ್ಯಾಗ ಅನಾಥ ಮಕ್ಕಳ ಮನಿಗಿ ಹೋಗ್ತದ." ಅವಳ ಮುಖ ಸ್ವಲ್ಪ ಅರಳಿತು. "ಆ ಗಾಡಿ ನಾನೇ ಹಚ್ಚೀನ್ರಿ ಅತ್ತಿ. ಮೊದ್ಲು ಮ್ಯಾನೇಜರ್ ಒಲ್ಲೆ ಅಂದ್ರು. ಈ ನೆವದಾಗ ಮಂದಿ ಮನಿಗಿ ಕದ್ದು ಒಯ್ತಾರ ಅಂದ್ರು. ಒಂದು ಕಾಳು ಬ್ಯಾರೆ ಕಡಿ ಹೋದ್ರ ನನ್ನ ಕೇಳ್ರಿ ಅಂತ ಬರ್ದುಕೊಟ್ಟೀನಿ."

ಎಂಥ ಮಾತು ಅದು! ನಾನು ಕಲಿಸಿದ ಹುಡುಗಿ, ನನ್ನ ಅವ್ವನ ಮೊಮ್ಮಗಳು, ಆ ಚಾಕಲೇಟಿನ ಕಾರಂಜಿಯ ಪಕ್ಕದಲ್ಲೇ ನಿಂತು ದಿನಕ್ಕೊಂದು ಗಾಡಿ ಹಿಡಿ ತೆಗೆಯುತ್ತಿದ್ದಳು. ನನಗೆ ಹೊಳೆಯಬೇಕಿತ್ತು. ಅಪ್ಪಿಕೊಂಡು ಮುದ್ದಿಡಬೇಕಿತ್ತು. ನಾನು "ಹೂಂ, ಛಲೋ ಆಯ್ತು" ಎಂದು ಚಹಾ ಕುಡಿದೆ. ಯಾಕೆಂದರೆ ಆ ಹೊತ್ತಿಗೆ ನಾನು ನನ್ನದೇ ಹಿಡಿಯ ಗುಂಗಿನಲ್ಲಿದ್ದೆ.

ಮೊದಲನೆಯ ಬೆಳಿಗ್ಗೆಯೇ ಅದು ಶುರುವಾಗಿತ್ತು. ತಿನ್ನುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ, ಕಣ್ಣು ತೆರೆದರೆ ಕೈ ತಾನಾಗಿಯೇ ಬಾದಾಮಿಯ ಬಟ್ಟಲಿಗೆ ಹೋಗಿ ಒಂದು ಹಿಡಿ ತೆಗೆದು ಕರವಸ್ತ್ರಕ್ಕೆ ಹಾಕಿತ್ತು. ಆಮೇಲೆ ಹೊತ್ತು ಹೊತ್ತಿಗೂ ತೆಗೆದೆ: ಒಣದ್ರಾಕ್ಷಿ, ಖರ್ಜೂರ, ಸಕ್ಕರೆ ಸವರಿದ ಯಾವುದೋ ಹಣ್ಣು. ಕೋಣೆಗೆ ತಂದು ಕಪಾಟಿನಲ್ಲಿ ಬಟ್ಟೆಚೀಲಕ್ಕೆ ಸುರಿಯುತ್ತಿದ್ದೆ. ಕದಿಯುತ್ತಿದ್ದೇನೆ ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ಈ ಊರಿನಿಂದಲೂ ದೇವರಿಗೆ ಹಿಡಿ ಎತ್ತಿದವಳು ನಾನೊಬ್ಬಳೇ ಎಂದು ಅನಿಸಿತು. ಭಾನುವಾರ ಬೀದರಿನಲ್ಲಿ ಜೋಳ ಅಕ್ಕಿಯ ಮೇಲೆ ಬಾದಾಮಿ ಸುರಿದಾಗ ಬೆಂಚುಗಳ ಮೇಲೆ ಎಂಥ ಗುಜುಗುಜು ಏಳುತ್ತದೆ ಎಂಬುದನ್ನೂ ಮನಸ್ಸಿನಲ್ಲಿ ನೋಡಿಕೊಂಡಿದ್ದೆ. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿವರಿಸಿದ್ದೇನೋ, ಅದು ನನ್ನ ಮೇಲೇ ಕೂತಿದೆ ಎಂದು ತಿಳಿಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಇರುವೆಗಳು ಬಂದವು. ನನ್ನ ಕಪಾಟಿನಿಂದ ಹೊರಟ ಸಾಲು ಬಾಗಿಲ ಸಂದಿಯಿಂದ ಹಾದು ಪಕ್ಕದ ಕೋಣೆಯವರ ಹಾಸಿಗೆ ಹತ್ತಿತ್ತು. ಅವರು ಕೂಗಾಡಿದರು. ಕೋಣೆ ಸ್ವಚ್ಛ ಮಾಡುವವರು ಸಾಲಿನ ಜಾಡು ಹಿಡಿದು ಬಂದು ನನ್ನ ಕಪಾಟು ತೆರೆದರು. ಅರ್ಧ ತಾಸಿನಲ್ಲಿ ನಾನು ಮತ್ತು ಹುಡುಗಿ ಮ್ಯಾನೇಜರನ ಮೇಜಿನ ಮುಂದೆ ಕೂತಿದ್ದೆವು. ಮೇಜಿನ ಮೇಲೆ ನನ್ನ ಬಟ್ಟೆಚೀಲ ಇತ್ತು. ಅದರ ಮೇಲೆ ನನ್ನ ಅವ್ವ ಕೆಂಪು ದಾರದಲ್ಲಿ ಹೊಲಿದ ಪುಟ್ಟ ಶಿಲುಬೆ, ಅದರ ಮೇಲೂ ಇರುವೆ.

ಅವನು ಸಭ್ಯ ಮನುಷ್ಯನೇ. ಧ್ವನಿ ಏರಿಸಲಿಲ್ಲ. ಹಿಂದಿಯಲ್ಲಿ ಕೇಳಿದ, "ಅಮ್ಮಾ, ಇದನ್ನು ನಿಮಗೆ ಕಟ್ಟಿಕೊಟ್ಟವರು ಯಾರು? ಈ ಹುಡುಗಿಯ ಗಾಡಿಯಲ್ಲಿ ಇನ್ನೂ ಏನೇನು ಹೋಗುತ್ತದೆ ಎಂದು ನಾನು ಈಗ ವಿಚಾರಿಸಬೇಕಾಗುತ್ತದೆ."

ಹುಡುಗಿ ನನ್ನ ಕಡೆ ತಿರುಗಿ, ಅವನಿಗೆ ತಿಳಿಯದಂತೆ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಅತ್ತಿ, 'ನಾನೇ ತಗೊಂಡೀನಿ, ಈಕಿಗಿ ಗೊತ್ತಿಲ್ಲ, ತಪ್ಪಾಯ್ತು' ಅನ್ರಿ. ಅಷ್ಟೇ ಅನ್ರಿ."

ನಾನು ಅಷ್ಟನ್ನೇ ಅನ್ನಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು. ಮಕ್ಕಳ ಮುಂದೆ ಮೂವತ್ತು ವರ್ಷ ನಿಂತವಳನ್ನು ಕಳ್ಳಿಯ ಹಾಗೆ ಕೂರಿಸುತ್ತಾರೆಯೇ! ದಖನಿ ಬೆರೆತ ನನ್ನ ಹಿಂದಿಯಲ್ಲಿ ಅವನಿಗೆ ಪ್ರಸಂಗವನ್ನೇ ಮಾಡಿದೆ. ಡ್ರಮ್ಮು ಡ್ರಮ್ಮು ಅನ್ನ ಚೆಲ್ಲುವವರು ಹಿಡಿಯ ಲೆಕ್ಕ ಕೇಳುತ್ತೀರಾ ಎಂದೆ. ಕಲ್ಲಂಗಡಿಯ ಹಂಸದ ಮಾತು ಎತ್ತಿದೆ. ಐದು ರೊಟ್ಟಿ ಎರಡು ಮೀನು ಹಂಚಿದ ಮೇಲೂ ನಮ್ಮ ಕರ್ತರು ಚೂರುಪಾರನ್ನು ಬುಟ್ಟಿಗೆ ತುಂಬಿಸಿದರು ಎಂದೆ. ಈ ಊರಿನ ಮೇಲೆ ಬೆಂಕಿ ಬಿದ್ದರೆ ಆಶ್ಚರ್ಯವಿಲ್ಲ ಎಂದೆ. ನಾನೇ ತೆಗೆದೆ ಎಂದು ಹೇಳಿದೆನೇ? ಹೇಳಿದೆ, ಆದರೆ ಅಷ್ಟೆಲ್ಲದರ ನಡುವೆ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಂದ ಬರಲೇ ಇಲ್ಲ. ಅವನು ಕೊನೆಯತನಕ ಕೇಳಿ, "ಆಯ್ತು ಅಮ್ಮಾ," ಎಂದು ಕಾಗದ ಎಳೆದುಕೊಂಡ.

ಹುಡುಗಿ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಳು. ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟು, "ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ," ಎಂದಳು. ನಾನು ಹಾದಿಯುದ್ದಕ್ಕೂ ಮ್ಯಾನೇಜರನಿಗೆ ಹೇಳಿದ್ದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡು, ಅಲ್ಲಲ್ಲಿ ತಿದ್ದಿ, ಚೂಪು ಮಾಡಿದೆ.

ಶನಿವಾರ ಸಂಜೆ ತಮ್ಮನ ಫೋನು ಬಂತು. "ಪೋರಿಗಿ ಕೆಲಸದಿಂದ ತೆಗದಾರಂತ ಯಕ್ಕಾ. ಏನೋ ಕಳವಿನ ಮಾತು ಅಂತಾರ. ಆಕಿ ಏನೂ ಹೇಳವಲ್ಲಳು. ನೀ ಅಲ್ಲೇ ಇದ್ದಿ, ನಿನಗೇನರ ಗೊತ್ತದ?"

"ದೊಡ್ಡ ಊರು, ದೊಡ್ಡ ಮಂದಿ. ಅವರ ನ್ಯಾಯಾನೇ ಹಂಗ," ಎಂದೆ ನಾನು. ಒಡಹುಟ್ಟಿದ ತಮ್ಮನಿಗೆ ಹಾಗೆ ಹೇಳಿದೆ.

ಮರುದಿನ ಬೀದರಿನ ಚರ್ಚಿನಲ್ಲಿ ಪಾಸ್ಟರು ಕೇಳುವ ಮುಂಚೆಯೇ ನಾನು ಎದ್ದಿದ್ದೆ. ಹಡಗು, ದಿಂಬು, ಕಾರಂಜಿ, ಹಂಸ ಎಲ್ಲವೂ ಬಂದವು. ಒಂದು ಹಿಡಿ ಬಾದಾಮಿಗಾಗಿ ನನ್ನನ್ನು ನ್ಯಾಯದ ಮುಂದೆ ನಿಲ್ಲಿಸಿದ್ದು ಬಂತು, ನಾನು ಹೆದರದೆ ಸಾಕ್ಷಿ ನುಡಿದದ್ದು ಬಂತು. "ಆಮೆನ್" ಎಂದು ಜನ ಗಟ್ಟಿಯಾಗಿ ಕೂಗಿದರು. ಗಾಡಿಯ ಮಾತು ಬರಲಿಲ್ಲ, ಹುಡುಗಿಯ ಮಾತು ಬರಲಿಲ್ಲ. ಮನೆಗೆ ಬಂದು ಅದೇ ಕಥೆಯನ್ನು ಪಕ್ಕದ ಮನೆಯಾಕೆಗೆ ಗೋಡೆಯ ಮೇಲಿಂದ ಹೇಳಿದೆ. ಅವಳು ಸೂಜಿ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಆಮೇಲೆ, "ಔರ್ ಬಚ್ಚೀ ಕಾ ಕ್ಯಾ ಹುವಾ?" ಎಂದಳು. ಹುಡುಗಿಯದು ಏನಾಯಿತು? ಚರ್ಚು ತುಂಬ ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಒಲೆಯ ಮೇಲೆ ಹಾಲಿದೆ ಎಂದು ನಾನು ಒಳಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಸುದ್ದಿ ಹಬ್ಬಿತು. ಭಾಲ್ಕಿಯಲ್ಲಿ ಹೆಂಗಸರ ಕೂಟಕ್ಕೆ ನನ್ನನ್ನು ಕರೆದರು. ನೌಕರಿಯ ಕಾಲದಲ್ಲಿ ದಿನವೂ ಹತ್ತುತ್ತಿದ್ದ ರೈಲಿನಲ್ಲೇ ಹೋದೆ. ಸ್ಟೇಷನ್ನಿನಿಂದ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಡೆದು ಹೋಗುವಾಗ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿದರು. ಅಲ್ಲಿ ಹೇಳುವಾಗ ನನ್ನ ಕಥೆಯಲ್ಲಿ ಮ್ಯಾನೇಜರ್ ತಲೆ ತಗ್ಗಿಸಿದ. ನಿಜದಲ್ಲಿ ಅವನು ತಗ್ಗಿಸಿರಲಿಲ್ಲ, ಬರೆಯಲು ಬಗ್ಗಿದ್ದ. ಅವನ ಕಣ್ಣಲ್ಲಿ ನೀರೂ ಬಂತು ಅನ್ನಿಸುತ್ತದೆ ಎಂದೆ. ಆ ಮಾತು ಬಾಯಿಂದ ಹೊರಬಿದ್ದಾಗ ನನಗೇ ಗಾಬರಿಯಾಯಿತು. ಆದರೆ ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ನನಗೆ ನಿಲ್ಲಿಸಲಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎರಡನೆಯ ಕರೆ ಠಾಣಾ ಕುಶನೂರಿನಿಂದ ಬಂತು, ನನ್ನ ಹುಟ್ಟೂರಿನಿಂದ. ತೊಗರಿ ರಾಶಿಯಾದ ಮೇಲೆ ಅಲ್ಲಿಯ ಸಣ್ಣ ಚರ್ಚಿನಲ್ಲಿ ಸುಗ್ಗಿಯ ಆರಾಧನೆ ನಡೆಯುತ್ತದೆ. ಎಲ್ಲರೂ ಹೊಸ ಕಾಳಿನ ಹಿಡಿ ತರುತ್ತಾರೆ. ಬೀದರಿನ ಸಾಕ್ಷಿಯನ್ನು ಅಲ್ಲಿಯೂ ಹೇಳಬೇಕೆಂದು ಪಾಸ್ಟರು ಕೇಳಿದರು. ಒಲ್ಲೆನೆನ್ನಲು ನೆವ ಸಿಗಲಿಲ್ಲ. ಔರಾದಿನ ಕಡೆ ಹೋಗುವ ಬಸ್ಸು ಹಿಡಿದು ಹಿಂದಿನ ದಿನವೇ ತಮ್ಮನ ಮನೆಗೆ ಹೋದೆ.

ಹುಡುಗಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನೀರು ತಂದುಕೊಟ್ಟಳು. ಮುಖದಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. ಊರಲ್ಲಿ ಆಗಲೇ ಮಾತು ಹುಟ್ಟಿತ್ತು, ಹೋಟೆಲಿನಲ್ಲಿ ಕದ್ದು ಸಿಕ್ಕಿಬಿದ್ದಳಂತೆ ಅಂತ. ತಮ್ಮ ನನ್ನ ಎದುರು ಕೂತು ಬೀಡಿಯ ತುದಿ ನೋಡುತ್ತಿದ್ದ. ಅವಳು ಮನೆಯವರಿಗೆ ನನ್ನ ಹೆಸರು ಹೇಳಿರಲಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

ತಮ್ಮನ ಹೆಂಡತಿ ಮಾತ್ರ ನನ್ನ ಬಾದಾಮಿಯ ಸಾಕ್ಷಿಯ ಸುದ್ದಿ ಕೇಳಿ ಲೆಕ್ಕ ಕೂಡಿಸಿದ್ದಳು. ತಾಯಿಗೆ ಗೊತ್ತಾಗದೆ ಇರುತ್ತದೆಯೇ. ಅವಳು ಒಲೆಯ ಮುಂದೆ ಹಿಟ್ಟಿನ ಪರಾತ ಎಳೆದುಕೊಂಡಾಗ, ನಾನು ದೊಡ್ಡವಳೆಂಬ ಸಲಿಗೆಯಲ್ಲಿ ಕೈ ಚಾಚಿ, "ತಾ, ಹಿಡಿ ನಾ ತೆಗೀತೇನಿ," ಎಂದೆ.

ಅವಳು ಪರಾತವನ್ನು ತನ್ನ ಕಡೆಗೆ ಸರಿಸಿಕೊಂಡಳು. "ಬ್ಯಾಡ್ರಿ ಯಕ್ಕಾ. ನಮ್ಮ ಹಿಟ್ಟಿನಾಗಿಂದು ನಾ ತೆಗೀತೇನಿ."

ಹಿಡಿ ತೆಗೆದು ಡಬ್ಬಿಗೆ ಹಾಕಿ, ನನ್ನ ಮುಖ ನೋಡದೆ ಹೇಳಿದಳು. "ಹಿಡಿ ತೆಗದ್ರ ತೆಗದಾಕಿ ಹೊಟ್ಟಿಗಿ ಕಮ್ಮಿ ಬೀಳಬೇಕ್ರಿ. ನಿಮ್ಮ ಅವ್ವನೇ ನನಗ ಹಂಗ ಕಲಿಸಿಕೊಟ್ಟಾಳ. ಅಲ್ಲಿ ನಿಮ್ಮ ಹೊಟ್ಟಿಗಿ ಏನ್ ಕಮ್ಮಿ ಬಿತ್ತರಿ?"

ಅವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಆ ಊರಿನಲ್ಲಿ ನಾನು ಎಷ್ಟು ಹಿಡಿ ತೆಗೆದರೂ ನನ್ನ ತಟ್ಟೆ ತುಂಬಿಯೇ ಇತ್ತು. ಕಡಿಮೆ ಬಿದ್ದದ್ದೆಲ್ಲ ಈ ಮನೆಗೆ ಬಿದ್ದಿತ್ತು. ಆ ಹೋಟೆಲಿನವರ ದುಂದನ್ನು ಬೈದೆನಲ್ಲ, ಅವರು ಅನ್ನವನ್ನು ಚೆಲ್ಲಿದರು, ನಾನು ಮನೆಯ ಹುಡುಗಿಯನ್ನೇ ಚೆಲ್ಲಿ ಬಂದಿದ್ದೆ. ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಲೇ ಇದ್ದಳು.

ಮರುದಿನ ಚರ್ಚಿನ ಮುಂದೆ ತೊಗರಿ, ಜೋಳ, ಸೋಯಾದ ಬುಟ್ಟಿಗಳು. ಪಾಸ್ಟರು ನನ್ನ ಗುಣಗಾನ ಮಾಡಿ ಕರೆದರು. ಹುಡುಗಿ ಕೊನೆಯ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಜೀವನದಲ್ಲಿ ಮೊದಲ ಸಲ ಸೆರಗಿನ ತುದಿ ತಿರುವುತ್ತ ನಿಂತೆ.

"ನಾ ಹೇಳಿದ 'ಸಾಕ್ಷಿ' ಅರ್ಧ ಸುಳ್ಳದರಿ," ಎಂದೆ. "ಗೋವಾದಾಗ ಹೇಳದೆ ಕೇಳದೆ ತಗೊಂಡಾಕಿ ನಾನು. ನನ್ನ ತಮ್ಮನ ಮಗಳಿಗಿ ಗೊತ್ತೇ ಇರ್ಲಿಲ್ಲ. ತಪ್ಪಾಯ್ತು ಅಂದಿದ್ರ ಆಕಿ ಕೆಲಸ ಉಳೀತಿತ್ತು. ನಾ ಅನ್ಲಿಲ್ಲ, ಭಾಷಣ ಮಾಡಿದೆ. ಆ ಹೋಟೆಲ್‌ನಾಗ ದಿನಾ ಉಳಿದ ಅನ್ನ ಅನಾಥ ಮಕ್ಕಳಿಗಿ ಕಳಿಸಾಕಿ ಈಕಿ. ಹಿಡಿ ತೆಗದಾಕಿ ಈಕಿ, ನಾ ಅಲ್ಲ. ಬೀದರದಾಗ, ಭಾಲ್ಕ್ಯಾಗ ಇದು ನಾ ಮುಚ್ಚಿಟ್ಟೀನಿ. ಅಲ್ಲಿನೂ ಹೋಗಿ ಹೇಳ್ತೇನಿ. ತಪ್ಪಾಯ್ತು."

ಯಾರೂ ಆಮೆನ್ ಅನ್ನಲಿಲ್ಲ. ತಮ್ಮ ಎದ್ದು ಹೊರಗೆ ಹೋದ. ಪಾಸ್ಟರು ಅವಸರದಲ್ಲಿ ಹಾಡಿನ ನಂಬರು ಹೇಳಿದರು. ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು, ಆದರೂ ಎದೆಯ ಮೇಲಿಂದ ಒಂದು ಚೀಲ ಇಳಿದ ಹಾಗಾಯಿತು. ನಿಜ ಹೇಳುತ್ತೇನೆ, ಆರಾಧನೆ ಮುಗಿದ ಮೇಲೆ ಹುಡುಗಿ ಬಂದು ಕೈ ಹಿಡಿಯುತ್ತಾಳೆ, ಇಬ್ಬರೂ ಅಳುತ್ತೇವೆ ಎಂದು ನಾನು ಕಾಯುತ್ತಿದ್ದೆ. ಆಗಲೂ ನನ್ನ ಬುದ್ಧಿ ಅಷ್ಟೇ.

ಅವಳು ಬಂದಳು. ಬೇವಿನ ಮರದ ಕೆಳಗೆ ನನ್ನ ಚಪ್ಪಲಿ ಹುಡುಕಿ ಕಾಲ ಮುಂದೆ ಇಟ್ಟಳು. ಮೈಲೂರಿನಲ್ಲಿ ಇದ್ದಾಗಲೂ ಹೀಗೆಯೇ ಇಡುತ್ತಿದ್ದಳು.

"ಛಲೋ ಹೇಳಿದ್ರಿ ಅತ್ತಿ," ಎಂದಳು. "ಇನ್ನ ಅಪ್ಪಗ ಊರಾಗ ತಿರಗಾಡ್ಲಾಕ ಆಗ್ತದ."

"ನಿನಗ?" ಎಂದೆ.

"ನನಗ ಎಲ್ಲ್ಯಾರ ಕೆಲಸ ಸಿಗ್ತದರಿ, ಅದರ ಚಿಂತಿ ಬ್ಯಾಡ." ಬುಟ್ಟಿಗಳನ್ನು ಹೊರಗೆ ತರುತ್ತಿದ್ದ ಹೆಂಗಸರನ್ನು ನೋಡಿದಳು. "ನಾ ಬಿಟ್ಟ ದಿನಾನೇ ಆ ಗಾಡಿ ನಿಲ್ಲಿಸ್ಯಾರಂತ್ರಿ. ಅಲ್ಲಿ ಮಕ್ಕಳು ಸಂಜಿಗಿ ಗೇಟಿನ ಹತ್ರ ತಟ್ಟಿ ಹಿಡಕೊಂಡು ನಿಂದರ್ತಿದ್ದವು. ಈಗ ಏನ್ ತಿಂತಾವೋ ಅತ್ತಿ?"

ಅವಳು ಸಿಟ್ಟಿನಿಂದ ಕೇಳಲಿಲ್ಲ. ಗೊತ್ತಿದ್ದರೆ ಹೇಳಿ ಎಂಬಂತೆ, ಹಿಂದೆ ಪಾಠದಲ್ಲಿ ತಿಳಿಯದ್ದನ್ನು ಕೇಳುತ್ತಿದ್ದ ಹಾಗೆಯೇ, ನನ್ನ ಮುಖ ನೋಡುತ್ತ ನಿಂತಿದ್ದಳು.